ಕರೆದೊಯ್ದ ಗಳಿಗೆಯಿಂದಲೇ ಎಣಿಸಿ: ಸರ್ಕಾರದ ಬಂಧನಕ್ಕಿರುವ ಕಾನೂನಿನ ಮಿತಿಗಳು ಮತ್ತು ಮನೆಯವರು ಮಾಡಬೇಕಾದ ಕೆಲಸ

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ತಾಲ್ಲೂಕು ಕೇಂದ್ರವೊಂದರಲ್ಲಿ ಮ್ಯಾಜಿಸ್ಟ್ರೇಟರ ಮನೆಯ ಗೇಟಿನ ಹೊರಗೆ ನಿಂತಿದ್ದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಸಿಟ್ಟಿದ್ದ ಕರೆಂಟ್ ಬಿಲ್ಲೊಂದನ್ನು ನನ್ನ ಕೈಗಿತ್ತರು. ಅದರ ಹಿಂಬದಿಯಲ್ಲಿ ಪಿಯುಸಿ ಓದುತ್ತಿದ್ದ ಮಗಳ ಅಕ್ಷರದಲ್ಲಿ, “ಶುಕ್ರವಾರ ರಾತ್ರಿ 9.40, ಬಿಳಿ ಜೀಪು, ನಾಲ್ಕು ಜನ, ಒಬ್ಬರು ಮಾತ್ರ ಯೂನಿಫಾರ್ಮಿನಲ್ಲಿ” ಎಂದು ಬರೆದಿತ್ತು. ಪೊಲೀಸರು ತಂದಿದ್ದ ಬಂಧನ ಪತ್ರದಲ್ಲಿ ಆಕೆಯ ಮಗನನ್ನು ದಸ್ತಗಿರಿ ಮಾಡಿದ ಸಮಯ ಶನಿವಾರ ಸಂಜೆ 5 ಗಂಟೆ ಎಂದಿತ್ತು. ಬಂಧನ ಪತ್ರವನ್ನು ನಂಬಿದರೆ ಹುಡುಗ ಠಾಣೆಯಲ್ಲಿದ್ದದ್ದು ಹದಿನೆಂಟು ಗಂಟೆ, ಕರೆಂಟ್ ಬಿಲ್ಲನ್ನು ನಂಬಿದರೆ ಮೂವತ್ತೇಳು ಗಂಟೆ. ಮ್ಯಾಜಿಸ್ಟ್ರೇಟರು ಆ ಚೀಟಿಯನ್ನು ಎರಡು ಸಲ ಓದಿ, ಹುಡುಗನನ್ನು ನೇರವಾಗಿ ಪ್ರಶ್ನಿಸಿ, ಅವನು ಹೇಳಿದ್ದನ್ನು ಆದೇಶದಲ್ಲಿ ದಾಖಲಿಸಿದರು. ಪೊಲೀಸ್ ಕಸ್ಟಡಿಗೆ ಕೊಡಲಿಲ್ಲ.

ವಕೀಲನಾಗಿ ನಾನು ಕಂಡುಕೊಂಡದ್ದೇನೆಂದರೆ, ಬಂಧನಕ್ಕೆ ಕಾನೂನು ಹಾಕಿರುವ ಮಿತಿಗಳಲ್ಲಿ ಬಹುಪಾಲು ಸಮಯದ ಮಿತಿಗಳು. ಎರಡು ಗಂಟೆ, ಇಪ್ಪತ್ನಾಲ್ಕು ಗಂಟೆ, ಹದಿನೈದು ದಿನ, ಅರವತ್ತು ದಿನ, ಮೂರು ತಿಂಗಳು, ಹೀಗೆ. ಎಣಿಕೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಪೊಲೀಸರ ಕಾಗದಕ್ಕೆ ಮಾತ್ರ ಬಿಟ್ಟುಕೊಟ್ಟರೆ ಈ ಮಿತಿಗಳೆಲ್ಲ ಹೆಸರಿಗಷ್ಟೇ ಉಳಿಯುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಬಂಧಿತರಿಗಿಂತ ಹೆಚ್ಚಾಗಿ ಹೊರಗಿರುವ ಮನೆಯವರಿಗಾಗಿ ಬರೆಯುತ್ತಿದ್ದೇನೆ.

ಮಿತಿಗಳು ಬಂದದ್ದೆಲ್ಲಿಂದ

ಕಾನೂನು ನಿಗದಿಪಡಿಸಿದ ವಿಧಾನದ ಹೊರತು ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಬಂಧನದ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ 22ನೇ ವಿಧಿ. ಇವುಗಳ ವಿವರ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕೆಳಗೆ “ಸಂಹಿತೆ” ಎಂದಾಗಲೆಲ್ಲ ಈ ಹೊಸ ಕಾನೂನನ್ನೇ ಹೇಳುತ್ತಿದ್ದೇನೆ.

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರಿಗೆ ಅದು ಹಿಂದೆ ಕೇಂದ್ರ ಕಾರಾಗೃಹವಾಗಿತ್ತು ಎಂಬುದು ಗೊತ್ತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಇಟ್ಟದ್ದು ಅಲ್ಲಿಯೇ. ನಟಿ ಸ್ನೇಹಲತಾ ರೆಡ್ಡಿ ಅವರನ್ನು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಇರಿಸಿದ್ದೂ ಅಲ್ಲಿಯೇ; ಅಸ್ತಮಾದಿಂದ ಬಳಲಿದ ಅವರು 1977ರ ಜನವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧಿತರ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದು ಹಲವು ಹೈಕೋರ್ಟ್‌ಗಳು ಹೇಳಿದ್ದರೂ, ತುರ್ತು ಪರಿಸ್ಥಿತಿಯಲ್ಲಿ ಅಂತಹ ಅರ್ಜಿಯೇ ಸಲ್ಲದು ಎಂದು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅನಂತರ 1978ರ 44ನೇ ತಿದ್ದುಪಡಿಯು ತುರ್ತು ಪರಿಸ್ಥಿತಿಯಲ್ಲಿಯೂ 21ನೇ ವಿಧಿಯ ಜಾರಿಯನ್ನು ಅಮಾನತಿನಲ್ಲಿಡುವಂತಿಲ್ಲ ಎಂದು ಬರೆಯಿತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಲು 2017ರವರೆಗೆ ಕಾಯಬೇಕಾಯಿತು; ಹಾಗೆ ತಳ್ಳಿಹಾಕಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬಾಗಿಲಿಗೆ ಬಂದಾಗ

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: “ಇದು ದಸ್ತಗಿರಿಯೋ, ನೋಟಿಸೋ?” “ಸ್ವಲ್ಪ ವಿಚಾರಣೆ ಇದೆ, ಸಾಹೇಬರು ಕರೆಯುತ್ತಿದ್ದಾರೆ” ಎಂಬ ಮಾತು ಈ ಎರಡರಲ್ಲಿ ಯಾವುದೂ ಅಲ್ಲ. ಹಾಗೆ ಕರೆದೊಯ್ದು ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿ, ಹೊರಗೆ ಹೋಗಲು ಬಿಡದಿದ್ದರೆ ಕಾನೂನಿನ ಕಣ್ಣಿನಲ್ಲಿ ಅದೂ ಬಂಧನವೇ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಮಾಡಲೇಬೇಕೆಂಬ ನಿಯಮವಿಲ್ಲ. ಅದು ಏಕೆ ಅಗತ್ಯವೆಂದು ಅಧಿಕಾರಿ ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಸಂಹಿತೆಯ 35(3)ನೇ ಕಲಮಿನಡಿ ಹಾಜರಾಗುವಂತೆ ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಖಡಾಖಂಡಿತವಾಗಿ ಹೇಳಿದೆ, ತಪ್ಪಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮಕ್ಕೂ ಅವಕಾಶವಿತ್ತಿದೆ. ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಹಾಗೆಂದು ಬಂದ ಸಂದೇಶವನ್ನು ಕಡೆಗಣಿಸುವುದು ಜಾಣತನವಲ್ಲ. ವಕೀಲರ ಮೂಲಕ ಲಿಖಿತ ಉತ್ತರ ಕೊಡಿ, ನೋಟಿಸ್ ಕೈಗೆ ಬಂದರೆ ಹೇಳಿದ ದಿನ ತಪ್ಪದೆ ಹಾಜರಾಗಿ. ನೋಟಿಸಿನಂತೆ ನಡೆದುಕೊಳ್ಳುವವರೆಗೂ, ಪ್ರತ್ಯೇಕ ಕಾರಣ ಬರೆಯದೆ ದಸ್ತಗಿರಿ ಮಾಡುವಂತಿಲ್ಲ ಎಂಬುದೇ ನಿಮ್ಮ ರಕ್ಷಣೆ.

ಸಾಕ್ಷಿಯಾಗಿ ಕರೆಯುವಾಗ ಮಹಿಳೆಯರನ್ನು, 15 ವರ್ಷದೊಳಗಿನ ಅಥವಾ 60 ದಾಟಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯಿರುವವರನ್ನು ಠಾಣೆಗೆ ಬನ್ನಿ ಎನ್ನುವಂತಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಮಹಿಳೆಯನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ ದಸ್ತಗಿರಿ ಮಾಡಬೇಕಾದರೆ ಅಸಾಧಾರಣ ಕಾರಣವಿರಬೇಕು, ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, 60 ದಾಟಿದವರನ್ನು ಅಥವಾ ಅಶಕ್ತರನ್ನು ದಸ್ತಗಿರಿ ಮಾಡಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. 18 ತುಂಬದ ಮಕ್ಕಳನ್ನಂತೂ ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ದಸ್ತಗಿರಿಯೇ ಆದರೆ ಸ್ಥಳದಲ್ಲಿ ಬಂಧನ ಪತ್ರ ತಯಾರಾಗಬೇಕು. ಜನ ಇದನ್ನು ಅರೆಸ್ಟ್ ಮೆಮೊ ಎನ್ನುತ್ತಾರೆ. ಅದಕ್ಕೆ ಮನೆಯವರೊಬ್ಬರು ಅಥವಾ ಆ ಪ್ರದೇಶದ ಗೌರವಾನ್ವಿತರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಅಧಿಕಾರಿಯ ಹೆಸರು ಕಾಣುವಂತೆ ಗುರುತಿನ ಪಟ್ಟಿ ಇರಬೇಕು. 1996ರ ಡಿ.ಕೆ. ಬಸು ತೀರ್ಪಿನ ಈ ನಿಯಮಗಳು ಈಗ ಸಂಹಿತೆಯ 36ನೇ ಕಲಮಿನಲ್ಲಿವೆ. ನಿಮ್ಮನ್ನು ಸಾಕ್ಷಿಯಾಗಿ ಸಹಿ ಹಾಕಲು ಕೇಳಿದರೆ ಸಮಯದ ಜಾಗ ಖಾಲಿಯಿದೆಯೇ ಎಂದು ಮೊದಲು ನೋಡಿ. ಖಾಲಿಯಿದ್ದರೆ ತುಂಬಿಸಿಕೊಂಡೇ ಸಹಿ ಹಾಕಿ. ಒಪ್ಪದಿದ್ದರೆ ನಿಮ್ಮ ಸಹಿಯ ಕೆಳಗೆ ಆ ಗಳಿಗೆಯ ದಿನಾಂಕವನ್ನೂ ಸಮಯವನ್ನೂ ನೀವೇ ಬರೆಯಿರಿ. ಈ ಒಂದು ಸಾಲು ಮುಂದೆ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೊದಲ ಒಂದು ಗಂಟೆಯಲ್ಲಿ

ಜೀಪು ಹೋದ ಕೂಡಲೇ, ಅಳು ಆತಂಕಗಳ ನಡುವೆಯೂ, ಒಬ್ಬರು ಕಾಗದ ಹಿಡಿದು ಕೂರಲಿ. ಸಮಯ, ವಾಹನದ ಸಂಖ್ಯೆ, ಬಂದವರ ಹೆಸರು ಅಥವಾ ಚಹರೆ, ಹೇಳಿದ ಠಾಣೆ, ನೋಡಿದ ನೆರೆಹೊರೆಯವರು, ಇಷ್ಟನ್ನೂ ಬರೆದು, ಅದರ ಫೋಟೊ ತೆಗೆದು ಬಂಧುಗಳಿಗೆ ಕಳುಹಿಸಿ. ಹಾಗೆ ಕಳುಹಿಸಿದ ಹೊತ್ತು ಫೋನಿನಲ್ಲಿ ತಾನಾಗಿಯೇ ದಾಖಲಾಗುತ್ತದೆ, ಆಮೇಲೆ ಯಾರೂ ಅದನ್ನು ತಿದ್ದಲಾರರು. ಬೀದಿಯ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಮರುದಿನವೇ ದೃಶ್ಯವನ್ನು ನಕಲು ಮಾಡಿಸಿಕೊಳ್ಳಿ, ಏಕೆಂದರೆ ಸಣ್ಣ ಅಂಗಡಿಗಳ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೆ ಹೊಸದು ಬೇಗ ಕೂರುತ್ತದೆ.

ನಂತರ ಠಾಣೆಗೆ ಇಬ್ಬರು ಹೋಗಿ. ಬಂಧಿತನು ಹೆಸರಿಸಿದ ಬಂಧು ಅಥವಾ ಸ್ನೇಹಿತರಿಗೆ ಬಂಧನದ ಸುದ್ದಿಯನ್ನೂ ಇಟ್ಟಿರುವ ಸ್ಥಳವನ್ನೂ ಪೊಲೀಸರು ಕೂಡಲೇ ತಿಳಿಸಬೇಕು. ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಇಟ್ಟುಕೊಂಡಿರಬೇಕು ಮತ್ತು ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು ಎನ್ನುತ್ತದೆ 37ನೇ ಕಲಂ. “ಇಲ್ಲಿ ಅಂಥವರು ಯಾರೂ ಇಲ್ಲ” ಎಂಬ ಉತ್ತರ ಬಂದರೆ ಜಗಳಕ್ಕಿಳಿಯಬೇಡಿ. ಹೊರಗೆ ಬಂದು ಎಸ್‌ಪಿ ಅಥವಾ ಪೊಲೀಸ್ ಕಮಿಷನರರ ಇಮೇಲ್‌ಗೆ ನಾಲ್ಕು ಸಾಲು ಬರೆಯಿರಿ: ಇಂತಹವರನ್ನು ಇಷ್ಟು ಹೊತ್ತಿಗೆ ಇಂತಹ ಸ್ಥಳದಿಂದ ಕರೆದೊಯ್ದಿದ್ದಾರೆ, ಠಾಣೆಯಲ್ಲಿ ಇಷ್ಟು ಹೊತ್ತಿಗೆ ವಿಚಾರಿಸಿದೆವು, ಇಲ್ಲವೆಂದರು, ದಯವಿಟ್ಟು ಎಲ್ಲಿದ್ದಾರೆಂದು ತಿಳಿಸಿ. ಬೈಗುಳ, ಆರೋಪ ಯಾವುದೂ ಬೇಡ. ಜೊತೆಗೆ 112ಕ್ಕೆ ಕರೆ ಮಾಡಿ. ಆ ಕರೆಯ ಸಮಯವೂ ದಾಖಲೆಯೇ.

ವಕೀಲರಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕೆಂದು 1987ರ ಕಾಯ್ದೆ ಹೇಳುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಅದರ ಸಮಿತಿ ಇರುತ್ತದೆ. ವಿಚಾರಣೆಯ ಪೂರ್ತಿ ಹೊತ್ತು ವಕೀಲರು ಪಕ್ಕದಲ್ಲಿ ಕೂರಲಾಗದು, ಆದರೆ ವಿಚಾರಣೆಯ ನಡುವೆ ಅವರನ್ನು ಭೇಟಿಯಾಗುವ ಹಕ್ಕು 38ನೇ ಕಲಮಿನಲ್ಲಿದೆ.

ಬಂಧನವಾದ ಕೂಡಲೇ ವೈದ್ಯಕೀಯ ತಪಾಸಣೆ ಆಗಬೇಕು, ಮೈಮೇಲಿನ ಗಾಯ ಮತ್ತು ಅದು ಆಗಿರಬಹುದಾದ ಸಮಯವನ್ನು ವೈದ್ಯರು ಬರೆಯಬೇಕು, ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಸೂಚಿಸಿದವರಿಗೆ ಕೊಡಬೇಕು. ಇದನ್ನು ಮನೆಯವರು ಕೇಳುವುದೇ ಇಲ್ಲ. ಕೇಳಿ. ಪೊಲೀಸ್ ಕಸ್ಟಡಿಯಲ್ಲಿರುವವರನ್ನು ಠಾಣೆಯಲ್ಲಿಯೇ ಇಡಬೇಕೇ ಹೊರತು ಲಾಡ್ಜು, ಗೆಸ್ಟ್ ಹೌಸು, ತೋಟದ ಮನೆಗಳಲ್ಲಿ ಇಡುವಂತಿಲ್ಲ ಎಂಬುದೂ ನೆನಪಿರಲಿ.

ಕಾರಣ ಬರಹದಲ್ಲಿ, ಅರ್ಥವಾಗುವ ಭಾಷೆಯಲ್ಲಿ

“ಇಂತಹ ಕಲಮಿನಡಿ ಬಂಧಿಸಿದ್ದೇವೆ” ಎಂದರೆ ಬಂಧನದ ಕಾರಣ ತಿಳಿಸಿದಂತಾಗುವುದಿಲ್ಲ. ಆ ವ್ಯಕ್ತಿ ಏನು ಮಾಡಿದ್ದಾನೆ ಎಂಬ ಆರೋಪದ ಮೂಲ ಸಂಗತಿಗಳು ಅದರಲ್ಲಿರಬೇಕು. 2023ರ ಪಂಕಜ್ ಬನ್ಸಲ್, 2024ರ ಪ್ರಬೀರ್ ಪುರಕಾಯಸ್ಥ ಪ್ರಕರಣಗಳಲ್ಲಿ ವಿಶೇಷ ಕಾನೂನುಗಳ ಮಟ್ಟಿಗೆ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು, ತಕ್ಷಣ ಬರೆದುಕೊಡಲಾಗದ ಸಂದರ್ಭದಲ್ಲಿ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತ ಪ್ರತಿ ಕೊಡಬೇಕು. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ ಕೊಟ್ಟು ಸಹಿ ಮಾಡಿಸಿಕೊಂಡರೆ ಈ ನಿಯಮ ಪಾಲಿಸಿದಂತಲ್ಲ. ಹೊರನಾಡಿನಲ್ಲಿರುವ ನಮ್ಮವರಿಗೂ ಇದು ಅನ್ವಯಿಸುತ್ತದೆ. ಮುಂಬೈಯಲ್ಲೋ ಸೂರತ್ತಿನಲ್ಲೋ ಹೋಟೆಲ್ ಕೆಲಸಕ್ಕಿರುವ ಕನ್ನಡಿಗ ಹುಡುಗ ಅಲ್ಲಿನ ಭಾಷೆ ಓದಲಾರನಾದರೆ ತನಗೆ ತಿಳಿಯುವ ಭಾಷೆಯಲ್ಲಿ ಕೇಳಬಹುದು, ಕೇಳಬೇಕು.

ಇಪ್ಪತ್ನಾಲ್ಕು ಗಂಟೆ

ಪ್ರಯಾಣಕ್ಕೆ ಬೇಕಾದ ಸಮಯವನ್ನು ಕಳೆದು, 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ, ಹಬ್ಬ, ನ್ಯಾಯಾಲಯದ ರಜೆ ಯಾವುದೂ ಈ ಎಣಿಕೆಯನ್ನು ನಿಲ್ಲಿಸುವುದಿಲ್ಲ, ಆದ್ದರಿಂದಲೇ ಮ್ಯಾಜಿಸ್ಟ್ರೇಟರ ಮನೆಗೂ ಕರೆತರುತ್ತಾರೆ. ಬಂಧನ ಪತ್ರದ ಸಮಯ ಮುಖ್ಯವೋ, ವಶಕ್ಕೆ ತೆಗೆದುಕೊಂಡ ಸಮಯ ಮುಖ್ಯವೋ ಎಂಬ ಪ್ರಶ್ನೆ ಜಾರಿ ನಿರ್ದೇಶನಾಲಯದ ಪ್ರಕರಣವೊಂದರಲ್ಲಿ ಎದ್ದಾಗ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಶಕ್ಕೆ ತೆಗೆದುಕೊಂಡ ಗಳಿಗೆಯಿಂದಲೇ ಎಣಿಸಿ, ಅವಧಿ ಮೀರಿದ್ದರಿಂದ ಬಂಧನವೇ ಕಾನೂನುಬಾಹಿರವೆಂದಿತು. ಆ ತಾಯಿಯ ಕರೆಂಟ್ ಬಿಲ್ಲು ನ್ಯಾಯಾಲಯದಲ್ಲಿ ತೂಗುವುದು ಇದೇ ಕಾರಣಕ್ಕೆ.

ಹಾಜರುಪಡಿಸುವ ಹೊತ್ತಿಗೆ ವಕೀಲರು ಅಲ್ಲಿರಬೇಕು. ಯಾವಾಗ ಕರೆದೊಯ್ದರು, ಹೊಡೆದರೇ, ಕಾರಣ ಬರೆದುಕೊಟ್ಟರೇ, ಮನೆಯವರಿಗೆ ತಿಳಿಸಿದರೇ ಎಂಬುದನ್ನು ಬಂಧಿತ ತಾನೇ ಬಾಯಿಬಿಟ್ಟು ಹೇಳಬೇಕು. ಪೊಲೀಸರು ಪಕ್ಕದಲ್ಲಿ ನಿಂತಿರುವಾಗ ಹೇಳಲು ಭಯವಾಗುತ್ತದೆ, ಅದು ಸಹಜ. ಆಗ ವಕೀಲರು ಸಣ್ಣದೊಂದು ಜ್ಞಾಪನ ಬರೆದು ಕೊಟ್ಟು, ಅದನ್ನು ದಾಖಲೆಗೆ ಸೇರಿಸುವಂತೆ ಕೋರಬಹುದು. ಪೊಲೀಸ್ ಕಸ್ಟಡಿಗೆ ಕೊಡುವುದಾದರೆ ಪ್ರತಿ ಸಲವೂ ಖುದ್ದಾಗಿ ಹಾಜರುಪಡಿಸಬೇಕು. ವಿಡಿಯೊ ಮೂಲಕ ಹಾಜರಿ ನ್ಯಾಯಾಂಗ ಬಂಧನದ, ಅಂದರೆ ಜೈಲಿನಲ್ಲಿಡುವುದರ, ಮುಂದುವರಿಕೆಗೆ ಮಾತ್ರ.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಹೊಸ ಸಂಹಿತೆಯಲ್ಲಿ ಆ 15 ದಿನಗಳನ್ನು, ಅಪರಾಧಕ್ಕೆ ತಕ್ಕಂತೆ, ಮೊದಲ 40 ಅಥವಾ 60 ದಿನಗಳೊಳಗೆ ಬಿಡಿಬಿಡಿಯಾಗಿ ಕೇಳಬಹುದು. ಇದು ನಾಗರಿಕರಿಗೆ ಹಿನ್ನಡೆಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಜೈಲಿಗೆ ಹೋದ ಮೇಲೂ ಮತ್ತೆ ಠಾಣೆಗೆ ಎಳೆದೊಯ್ಯಬಹುದೆಂಬ ಭಯ ವಾರಗಟ್ಟಲೆ ಉಳಿಯುತ್ತದೆ.

ಅರವತ್ತನೇ ದಿನದ ಲೆಕ್ಕ

ತನಿಖೆ ಮುಗಿಸಿ ಚಾರ್ಜ್‌ಶೀಟ್ ಸಲ್ಲಿಸಲು ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರಲ್ಲಿ ಸಲ್ಲಿಸದಿದ್ದರೆ ಜಾಮೀನು ಬಂಧಿತನ ಹಕ್ಕು. ಆರೋಪ ಎಷ್ಟು ಗಂಭೀರ ಎಂಬ ಪ್ರಶ್ನೆ ಏಳುವುದಿಲ್ಲ. ಆದರೆ ಹಕ್ಕು ತಾನಾಗಿ ಬಾಗಿಲು ತೆರೆಯುವುದಿಲ್ಲ, ಅರ್ಜಿ ಹಾಕಬೇಕು, ಚಾರ್ಜ್‌ಶೀಟ್ ಬರುವುದಕ್ಕೆ ಮುನ್ನವೇ ಹಾಕಬೇಕು. ರಿಮ್ಯಾಂಡ್ ಆದ, ಅಂದರೆ ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರು ಮೊದಲು ಆದೇಶಿಸಿದ, ದಿನವನ್ನೂ ಸೇರಿಸಿ ಎಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಮಾರ್ಚ್ 1ರಂದು ರಿಮ್ಯಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ದಿನ ತುಂಬುತ್ತದೆ. ಏಪ್ರಿಲ್ 30ರ ಬೆಳಿಗ್ಗೆ ನ್ಯಾಯಾಲಯ ತೆರೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ಮಧ್ಯಾಹ್ನದವರೆಗೆ ಕಾದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದು, ಹಕ್ಕು ಕಳೆದುಕೊಂಡ ಕುಟುಂಬಗಳನ್ನು ನೋಡಿದ್ದೇನೆ. ಶಿಕ್ಷೆ “ಹತ್ತು ವರ್ಷದವರೆಗೆ” ಎಂದಿರುವ ಅಪರಾಧಗಳಲ್ಲಿ 60 ದಿನವೋ 90 ದಿನವೋ ಎಂಬ ವಾದಕ್ಕೆ ಎಡೆಯಿರುವುದರಿಂದ 61ನೇ ದಿನವೇ ಅರ್ಜಿ ಹಾಕುವುದು ಕ್ಷೇಮ. ಭಯೋತ್ಪಾದನೆ ತಡೆಯ ಕಾನೂನಾದ ಯುಎಪಿಎಯಲ್ಲಿ ಅವಧಿ 180 ದಿನಗಳವರೆಗೂ, ಮಾದಕ ವಸ್ತುಗಳ ದೊಡ್ಡ ಪ್ರಮಾಣದ ಪ್ರಕರಣಗಳಲ್ಲಿ ಒಂದು ವರ್ಷದವರೆಗೂ ಹೋಗಬಹುದು.

ಜಾಮೀನು ಸಿಕ್ಕ ಮೇಲೂ ಜಾಮೀನುದಾರರು ಸಿಗದೆ, ಪಹಣಿ ತರುವವರಿಲ್ಲದೆ ಒಳಗೇ ಉಳಿಯುವ ಬಡವರಿದ್ದಾರೆ. ಆದೇಶವಾಗಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ನೀವೇ ಹೋಗಿ ತಿಳಿಸಿದರೂ ನಡೆಯುತ್ತದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ 479ನೇ ಕಲಂ ನೋಡಿ: ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದವರನ್ನು ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಇದು ಅನ್ವಯಿಸದು.

ಎಲ್ಲಿದ್ದಾರೆಂದೇ ತಿಳಿಯದಿದ್ದರೆ

24 ಗಂಟೆ ಕಳೆದೂ ಸುಳಿವಿಲ್ಲದಿದ್ದರೆ ಎರಡು ದಾರಿಗಳಿವೆ. ಹತ್ತಿರದ್ದು, 100ನೇ ಕಲಮಿನಡಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿ ತರಲು ಅವರು ವಾರಂಟ್ ಹೊರಡಿಸಬಹುದು. ದೊಡ್ಡದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ ಕೋರಿಕೆ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಆಯಾ ಜಿಲ್ಲೆಯವರು ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹಾಕಬಹುದು. ಬಂಧಿತನ ಸಹಿ ಬೇಕಿಲ್ಲ; ಹೆಂಡತಿ, ಅಣ್ಣ, ಸ್ನೇಹಿತ ಯಾರಾದರೂ ಸಲ್ಲಿಸಬಹುದು. ಅರ್ಜಿಯ ಜೀವಾಳ ನಿಮ್ಮ ಆ ಮೊದಲ ಗಂಟೆಯ ಕಾಗದ, ಎಸ್‌ಪಿಗೆ ಕಳುಹಿಸಿದ ಇಮೇಲ್, 112ರ ಕರೆ. ಅರ್ಜಿ ದಾಖಲಾದ ಸುದ್ದಿ ತಿಳಿದ ಕೂಡಲೇ ಪೊಲೀಸರು ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದೂ ಉಂಟು. ಹಾಗಾದಾಗ ಅರ್ಜಿಯ ಮುಖ್ಯ ಉದ್ದೇಶ ಈಡೇರಿತೆಂದು ಅದು ಮುಕ್ತಾಯವಾಗಬಹುದು, ಆದರೆ ಅಕ್ರಮವಾಗಿ ಇಟ್ಟುಕೊಂಡ ಗಂಟೆಗಳ ಪ್ರಶ್ನೆ ಜೀವಂತವಾಗಿಯೇ ಇರುತ್ತದೆ, ಅದನ್ನು ಬಿಟ್ಟುಕೊಡಬೇಡಿ.

ಗೂಂಡಾ ಕಾಯ್ದೆಯ ಬಂಧನ

ಇದುವರೆಗೆ ಹೇಳಿದ್ದು ಅಪರಾಧದ ಆರೋಪದ ಮೇಲಿನ ಬಂಧನ. ಮುಂದೆ ಮಾಡಬಹುದಾದದ್ದನ್ನು ತಡೆಯಲೆಂದು ಮಾಡುವ ಮುಂಜಾಗ್ರತಾ ಬಂಧನಕ್ಕೆ 24 ಗಂಟೆಯ ನಿಯಮವೂ ಇಲ್ಲ, ವಕೀಲರ ಹಕ್ಕೂ ಇಲ್ಲ. ಅದಕ್ಕೇ ಅದರ ಇತರ ಗಡುವುಗಳನ್ನು ನ್ಯಾಯಾಲಯಗಳು ಕಟ್ಟುನಿಟ್ಟಾಗಿ ನೋಡುತ್ತವೆ. ಕರ್ನಾಟಕದಲ್ಲಿ ಜನ ಗೂಂಡಾ ಕಾಯ್ದೆ ಎನ್ನುವ 1985ರ ಕಾನೂನಿನ ಪ್ರಕಾರ ಬಂಧನದ ಕಾರಣಗಳನ್ನು ಐದು ದಿನದೊಳಗೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಕಮಿಷನರರ ಆದೇಶಕ್ಕೆ ಸರ್ಕಾರ 12 ದಿನದೊಳಗೆ ಒಪ್ಪಿಗೆ ನೀಡಬೇಕು, ಮೂರು ವಾರದೊಳಗೆ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಮುಂದಿಡಬೇಕು, ಬಂಧನದಿಂದ ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು. ಮಂಡಳಿ ಸಾಕಷ್ಟು ಕಾರಣವಿಲ್ಲವೆಂದರೆ ಬಿಡಲೇಬೇಕು. ಏನೇ ಆದರೂ 12 ತಿಂಗಳೇ ಕೊನೆ.

ಮನೆಯವರು ಮಾಡಬೇಕಾದದ್ದು ಮೂರ್ನಾಲ್ಕು ಕೆಲಸ. ಆದೇಶ ಮತ್ತು ಅದಕ್ಕೆ ಆಧಾರವಾದ ಎಲ್ಲ ದಾಖಲೆಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೇಳಿ. ಓದಲಾಗದ ಜೆರಾಕ್ಸ್ ಪ್ರತಿ ಕೊಟ್ಟಿದ್ದರೆ ಅದನ್ನೇ ಬರೆದು ಆಕ್ಷೇಪಿಸಿ. ಬಂಧಿತನ ಮನವಿಯನ್ನು ಆದೇಶ ಹೊರಡಿಸಿದವರಿಗೆ, ಸರ್ಕಾರಕ್ಕೆ, ಸಲಹಾ ಮಂಡಳಿಗೆ ಪ್ರತ್ಯೇಕವಾಗಿ ಸಲ್ಲಿಸಿ, ಜೈಲಿನ ಮೊಹರು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಮನವಿ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದಕ್ಕೆ ಸರ್ಕಾರ ವಿವರಣೆ ಕೊಡಲಾಗದೆ ಆದೇಶಗಳು ರದ್ದಾಗಿವೆ. ಮಂಡಳಿಯ ಮುಂದೆ ವಕೀಲರಿರದಿದ್ದರೂ, ವಕೀಲರಲ್ಲದ ಸ್ನೇಹಿತರೊಬ್ಬರ ನೆರವು ಪಡೆಯಬಹುದೆಂದು 1981ರ ಎ.ಕೆ. ರಾಯ್ ತೀರ್ಪು ಹೇಳುತ್ತದೆ. ಇನ್ನೊಂದು ಗಟ್ಟಿ ವಾದವಿದೆ: ಒಬ್ಬನ ಮೇಲೆ ನಾಲ್ಕು ಪ್ರಕರಣಗಳಿದ್ದ ಮಾತ್ರಕ್ಕೆ ಊರಿನ ನೆಮ್ಮದಿಯೇ ಕದಡಿತೆಂದಲ್ಲ. ಸಾಮಾನ್ಯ ಕಾನೂನು ಸುವ್ಯವಸ್ಥೆ ಬೇರೆ, ಸಾರ್ವಜನಿಕ ಸುವ್ಯವಸ್ಥೆ ಬೇರೆ ಎಂಬ ಗೆರೆಯನ್ನು ಸುಪ್ರೀಂ ಕೋರ್ಟ್ 1965ರ ರಾಮ ಮನೋಹರ ಲೋಹಿಯಾ ಪ್ರಕರಣದಲ್ಲಿಯೇ ಎಳೆದಿದೆ.

ಹೊರಬಂದ ಮೇಲೆ

ಅಕ್ರಮ ಬಂಧನಕ್ಕೆ ಪರಿಹಾರವೂ ಉಂಟು. ಬಿಹಾರದ ರುದುಲ್ ಸಾಹ್ ಎಂಬವರು ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಕೊಳೆತರು. 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಒಟ್ಟು 35,000 ರೂಪಾಯಿ ಕೊಡಿಸಿತು. ಮೊತ್ತ ಸಣ್ಣದು, ಆದರೆ ಪರಿಹಾರ ಕೇಳುವ ದಾರಿ ತೆರೆದದ್ದು ಆ ತೀರ್ಪು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ತುರ್ತಾದದ್ದು ಠಾಣೆಯ ಸಿಸಿಟಿವಿ. ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಹಾಗಿದ್ದೂ “ಕ್ಯಾಮೆರಾ ಕೆಟ್ಟಿತ್ತು” ಎಂಬ ಉತ್ತರ ಬರಬಹುದು. ಆದ್ದರಿಂದ ಬಿಡುಗಡೆಗೆ ಕಾಯದೆ, ಮೊದಲ ರಿಮ್ಯಾಂಡ್ ದಿನವೇ, ಇಂತಹ ದಿನದ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿಡಬೇಕೆಂದು ಮ್ಯಾಜಿಸ್ಟ್ರೇಟರಿಗೆ ಒಂದು ಪುಟದ ಅರ್ಜಿ ಕೊಟ್ಟು, ಅದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.